ಕನ್ನಡಕಕ್ಕೆ ಇಟ್ಟ ಬೊಟ್ಟು

ಮಗಳೇ ಧನುಶ್ರೀ,

ಹಾಸ್ಟೆಲ್ ವಿಳಾಸಕ್ಕೆ ಅಂಚೆಯಲ್ಲಿ ಕಾಗದ ಬಂದರೆ ನಿನ್ನ ರೂಮಿನ ಹುಡುಗಿಯರು ‘ಯಾವ ಕಾಲದ ಅಮ್ಮ ಕಣೇ ನಿಂದು’ ಎಂದು ನಗಬಹುದು. ನಗಲಿ ಬಿಡು. ಫೋನು ಮಾಡಿದರೆ ನೀನು ಹೇಳುವುದು ನನಗೆ ಬಾಯಿಪಾಠವಾಗಿದೆ. ಊಟ ಆಯ್ತು, ಚೆನ್ನಾಗಿದ್ದೀನಿ, ಕ್ಲಾಸಿದೆ, ಇಡ್ತೀನಿ. ನನ್ನ ಅಂಗನವಾಡಿಯ ಮಕ್ಕಳು ಹಾಜರಿ ಕೂಗಿದಾಗ ‘ಬಂದೆ ಟೀಚರ್’ ಎನ್ನುವುದರಲ್ಲಿ ಇದಕ್ಕಿಂತ ಹೆಚ್ಚು ಜೀವ ಇರುತ್ತದೆ. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೆ ನೀನು ಇಡುವಂತಿಲ್ಲ.

ಸುಂಟಿಕೊಪ್ಪದಲ್ಲಿ ಬಸ್ಸು ಹತ್ತಿದರೆ ಒಂದು ತೂಕಡಿಕೆ ಮುಗಿಯುವುದರೊಳಗೆ ಮಡಿಕೇರಿ ಬರುತ್ತದೆ. ಅಷ್ಟು ಹತ್ತಿರ ಇದ್ದೂ ಅಪ್ಪನ ತಿಥಿ ಮುಗಿಸಿ ಹೋದವಳು ನೀನು ಯುಗಾದಿಗೆ ಬರಲಿಲ್ಲ, ಗೌರಿ ಹಬ್ಬಕ್ಕೂ ಬರಲಿಲ್ಲ. ಓದು ಜಾಸ್ತಿ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ. ಮೊನ್ನೆ ನಿನ್ನ ರೂಮಿನ ಗಾನವಿ, ಅದೇ ಭಾಗಮಂಡಲದ ಹುಡುಗಿ, ಫೋನು ಮಾಡಿದಳು. ಹೇಳಲೋ ಬೇಡವೋ ಎಂದು ತೊದಲಿ ತೊದಲಿ ಕೊನೆಗೆ ಹೇಳಿದಳು. ‘ಆಂಟಿ, ಧನು ಲ್ಯಾಬಿಗೆ ಬರ್ತಾಳೆ, ಗೋಡೆಗೆ ಒರಗಿ ನಿಂತುಬಿಡ್ತಾಳೆ. ರಕ್ತ ತೆಗಿ ಅಂದ್ರೆ ಸಿರಿಂಜೇ ಮುಟ್ಟಲ್ಲ. ನನ್ನ ಕೈ ಯಾರ ಮೈಗೂ ತಾಗಬಾರದು ಅಂತಾಳೆ. ಕೋರ್ಸ್ ಬಿಡ್ತೀನಿ ಅಂತ ಅರ್ಜಿ ಬೇರೆ ಬರ್ದಿಟ್ಟಿದ್ದಾಳೆ.’ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಚಾಡಿ ಹೇಳುವ ದನಿ ಅಲ್ಲ ಅದು, ಹೆದರಿದ ದನಿ.

ಕೈ ತಾಗಬಾರದು ಎನ್ನುವ ಮಾತು ನಿನ್ನ ಬಾಯಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ತಿಥಿಯ ದಿನ ಒಲೆಯ ಮುಂದೆ ಕೂತು ನಿನ್ನ ಅಜ್ಜಿ ಅತ್ತರಲ್ಲ, ‘ಇವ್ಳ ಕೈಗುಣ, ನನ್ ಮಗನ್ನೇ ನುಂಗ್ತು’ ಎಂದು. ನೀನು ಎಲೆ ಒರೆಸುತ್ತಿದ್ದೆ. ಒರೆಸುತ್ತಿದ್ದ ಕೈ ಹಾಗೇ ನಿಂತದ್ದನ್ನು ನಾನು ನೋಡಿದೆ. ಮಗನನ್ನು ಕಳೆದುಕೊಂಡ ಮುದುಕಿ, ನಾಲಿಗೆಗೆ ಎಲುಬಿಲ್ಲ, ಏನೋ ಅಂದುಬಿಟ್ಟರು. ಆಮೇಲೆ ಅವರೊಂದಿಗೆ ನಾನು ಆಡಿದ ಜಗಳ ತೋಟದ ಆಳುಗಳ ಲೈನ್ ಮನೆಗಳವರೆಗೂ ಕೇಳಿಸಿದೆ. ಈಗ ಅವರು ನಿನ್ನ ಹೆಸರು ಎತ್ತಿದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಆದರೆ ಆಡಿದ ಮಾತು ಒಲೆಯ ಬೂದಿಯಲ್ಲ, ಗೋರಿ ಹೊರಗೆ ಹಾಕಲು ಬರುವುದಿಲ್ಲ.

ಬೊಟ್ಟಿಡುವ ಪದ್ಧತಿಯನ್ನು ಅರಕಲಗೂಡಿನ ಕಡೆಯಿಂದ ತಂದವರೂ ಅವರೇ. ಆಯುಧ ಪೂಜೆಯ ದಿನ ಕತ್ತಿ, ಹಗ್ಗ, ಏಣಿಗೆ ಬೊಟ್ಟು ಇಡುವುದು ಮನೆಯ ಹೆಣ್ಣುಮಗುವಿನ ಕೆಲಸ. ‘ಮನೆ ಮಗ್ಳು ಬೊಟ್ಟಿಟ್ಟ ಕತ್ತಿ ಮನೆಯೋರ ರಕ್ತ ಕೇಳಾಕಿಲ್ಲ’ ಎಂದು ಅವರ ನಂಬಿಕೆ. ಅಪ್ಪನ ಎಡಗೈಯ ಕಿರುಬೆರಳು ಅರ್ಧ ಹೋದದ್ದು ನೀನು ಹುಟ್ಟುವ ಮೊದಲು, ಮನೆಯಲ್ಲಿ ಬೊಟ್ಟಿಡುವ ಕೈ ಇಲ್ಲದಾಗ ಎಂದು ಲೆಕ್ಕ ಹಾಕಿ ಹೇಳುತ್ತಿದ್ದರು. ನೀನು ತಪ್ಪು ಹೆಜ್ಜೆ ಇಡುವ ವಯಸ್ಸಿನಲ್ಲೇ ಅಪ್ಪ ನಿನ್ನನ್ನು ಎತ್ತಿಕೊಂಡು ಒಂದೊಂದಕ್ಕೂ ಬೊಟ್ಟು ಇಡಿಸಿದರು. ಏಣಿಗೆ ಇಡಬೇಕಾದದ್ದನ್ನು ನೀನು ಅವರ ಮೂಗಿಗೆ ಇಟ್ಟೆ. ಆ ದಿನವೆಲ್ಲ ಅದನ್ನು ಒರೆಸದೆ ಸುಂಟಿಕೊಪ್ಪ ಪೇಟೆ ಸುತ್ತಿ ಬಂದರು. ಅವರು ಅಂಥ ಮನುಷ್ಯ.

ಆ ಕನ್ನಡಕ ತೋಟಕ್ಕೆ ಬಂದಾಗ ನಾನು ಬೇಡ ಅನ್ನಲಿಲ್ಲ. ಮಿಕ್ಸಿ ಬಂದ ದಿನ ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿದವಳು ನಾನೇ. ಅಪ್ಪ ಮಾಡುತ್ತಿದ್ದ ಮರಗಸಿ ಎಂದರೆ ಸುಮ್ಮನೆಯೇ? ಕಾಫಿಗೆ ಬಿಸಿಲು ಬೀಳಲೆಂದು ಅಷ್ಟೆತ್ತರದ ನೆರಳಿನ ಮರ ಹತ್ತಿ, ಒಂದು ಕೊಂಬೆಯ ಮೇಲೆ ನಿಂತು ಇನ್ನೊಂದನ್ನು ಕಡಿಯುವುದು. ಮಳೆಗಾಲ ಕಳೆದ ಮೇಲಂತೂ ಪಾಚಿಯ ಒಳಗೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ದೇವರಿಗೇ ಗೊತ್ತು. ಅಪ್ಪ ಹೊರಟ ಮೇಲೆ ಬಾಗಿಲಲ್ಲಿ ನಿಲ್ಲುವುದು ನನಗೆ ರೂಢಿಯಾಗಿತ್ತು. ಹಣೆಯ ತುಂಬ ಕೂರುವ ಆ ಹೆಡ್‌ಸೆಟ್ಟು ಇದ್ದ ಮರದ ಮೇಲೆಯೇ ಇಲ್ಲದ ಗೆರೆ ಎಳೆದು ತೋರಿಸುತ್ತದೆ, ಕಾಲಿಡಬಹುದಾದ ಕೊಂಬೆಗೆ ಹಸಿರು, ಇಡಬಾರದ್ದಕ್ಕೆ ಕೆಂಪು, ಕಡಿಯಬೇಕಾದ್ದಕ್ಕೆ ಹಳದಿ ಎಂದು ಆ ಕನ್ನಡಕದ ಕಂಪನಿಯ ಲೋಹಿತ್ ವಿವರಿಸಿದಾಗ, ಇನ್ನು ಬಾಗಿಲಲ್ಲಿ ನಿಲ್ಲುವುದು ತಪ್ಪಿತು ಎಂದು ನನಗೆ ಸಂತೋಷವೇ ಆಯಿತು.

ಅಪ್ಪನಿಗೂ ಅದರ ಹುಚ್ಚು ಹಿಡಿಯಿತು. ‘ಮರವೇ ಬಾ ಬಾ ಅಂತ ಕರೀತದೆ ಕಣೇ’ ಎನ್ನುತ್ತಿದ್ದರು. ಮೊದಲೆಲ್ಲ ಕತ್ತಿಯ ಹಿಂಬದಿಯಿಂದ ಕೊಂಬೆಗೆ ಕುಟ್ಟಿ, ಕಿವಿ ಕೊಟ್ಟು, ಬೈದು, ಮಾತಾಡಿಸಿ ಕಾಲಿಡುತ್ತಿದ್ದವರು. ಆಮೇಲೆ ಕುಟ್ಟುವುದು ನಿಂತಿತು. ನಿನಗೆ ನೆನಪಿರಬೇಕು, ಒಂದು ಭಾನುವಾರ ಅಟ್ಟದಿಂದ ಕಾಫಿ ಚೀಲ ತೆಗೆಯಲು ಏಣಿ ಹತ್ತಿದವರು ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿದ್ದರು. ಏನಪ್ಪಾ ಎಂದು ನೀನು ಕೇಳಿದ್ದಕ್ಕೆ ‘ಹಸಿರು ಬರ್ಲಿಲ್ಲ’ ಎಂದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೂ ನಕ್ಕರು, ಆದರೆ ಸ್ವಲ್ಪ ತಡವಾಗಿ ನಕ್ಕರು. ಅದು ನನಗೆ ಈಗ ಕಾಣುತ್ತದೆ.

ಕನ್ನಡಕ ಬಂದ ವರ್ಷದ ಆಯುಧ ಪೂಜೆಯಲ್ಲಿ ಕತ್ತಿಯ ಪಕ್ಕ ಮಣೆಯ ಮೇಲೆ ಕನ್ನಡಕವನ್ನೂ ಇಟ್ಟರು. ಅದಕ್ಕೆ ಮುಂದುಗಡೆ ಮೂರು ಕಣ್ಣು. ನೀನು ಕುಂಕುಮದ ಬಟ್ಟಲು ಹಿಡಿದು ಒಂದು ಗಳಿಗೆ ನೋಡಿ, ಹಣೆ ಇರುವ ಜಾಗಕ್ಕೆ, ನಟ್ಟನಡುವಿನ ಕಣ್ಣಿಗೇ ದುಂಡಗೆ ಬೊಟ್ಟಿಟ್ಟೆ. ಇನ್ನೆಲ್ಲಿ ಇಡುತ್ತಾರೆ ಹೇಳು? ನಾನಾಗಿದ್ದರೂ ಅಲ್ಲೇ ಇಡುತ್ತಿದ್ದೆ. ಅಪ್ಪ ಅದನ್ನು ಹಾಕಿಕೊಂಡು ‘ನೋಡ್ರೇ, ಮುಕ್ಕಣ್ಣ ಆಗ್ಬುಟ್ಟೆ’ ಎಂದು ಹಜಾರದಲ್ಲಿ ಕುಣಿದರು. ಅಜ್ಜಿ ದೃಷ್ಟಿ ತೆಗೆದರು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಹಬ್ಬ ಕಳೆದು ಕೆಲಸಕ್ಕೆ ಹೋದ ಮೊದಲ ದಿನವೇ ಅವರು ಬಿದ್ದರು. ಒಂದು ಹಳೆಯ ಅತ್ತಿಮರ. ಸೊಂಟದ ಹಗ್ಗವನ್ನು ಒಂದು ಕೊಂಬೆಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವ ನಡುವೆ ಕಾಲಡಿಯ ಕೊಂಬೆ ಮುರಿಯಿತು. ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುವಾಗ ತಲೆ ನನ್ನ ತೊಡೆಯ ಮೇಲಿತ್ತು. ದಾರಿ ಮುಗಿಯುವ ಮೊದಲೇ ಅವರು ಮುಗಿದಿದ್ದರು. ನೀನು ಕಾಲೇಜಿನಿಂದ ನೇರ ಅಲ್ಲಿಗೇ ಬಂದೆ.

ಲೋಹಿತ್ ಮನೆಗೆ ಬಂದದ್ದು ಆಮೇಲೆ, ತಿಥಿಗೆ ಮೊದಲು. ಕೆಟ್ಟವನಲ್ಲ, ಕುಶಾಲನಗರದ ಹುಡುಗ, ನಮ್ಮ ಕಡೆಯವನೇ. ನೀನು ಕೊಟ್ಟ ಕಾಫಿ ಲೋಟ ಹಿಡಿದುಕೊಂಡು ನೆಲ ನೋಡುತ್ತಾ ಹೇಳಿದ. ‘ನಾವು ಯಾರ ಮೇಲೂ ತಪ್ಪು ಹೊರಿಸ್ತಿಲ್ಲ ಅಕ್ಕಾ. ಮಧ್ಯದ ಕ್ಯಾಮೆರಾ ಮೇಲೆ ಕುಂಕುಮ ಇತ್ತು. ಕೊಂಬೆ ಗಟ್ಟಿಯೋ ಟೊಳ್ಳೋ ಅಂತ ಅಳೆಯೋದು ಅದೇ. ಅದರ ಕಣ್ಣು ಮುಚ್ಚಿಹೋಗಿತ್ತು.’ ನೀನು ಒಳಗೆ ಹೋದೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅವತ್ತು ಬಂದು ಆ ನಲ್ಲಿಯನ್ನು ನಾನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ, ಧನೂ.

ಇಷ್ಟೂ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಈಗ ಬರುತ್ತದೆ. ಕೂತುಕೊಂಡು ಓದು.

ಕಳೆದ ವಾರ ಲೋಹಿತ್ ಮತ್ತೆ ಬಂದ, ಈ ಸಲ ಅಂಗನವಾಡಿಗೆ. ಮಕ್ಕಳು ಊಟ ಮುಗಿಸಿ ಹೋಗಿದ್ದರು. ಬ್ಯಾಗಿನಲ್ಲಿ ಹೊಸ ಕನ್ನಡಕ, ಮೊದಲಿನದಕ್ಕಿಂತ ಹಗುರ. ಇನ್ನು ಕೆಲವೇ ವರ್ಷ, ಫೋನು ಹಿಡಿಯುವವರೇ ಇರುವುದಿಲ್ಲ, ಊರಿಗೆ ಊರೇ ಇದನ್ನು ಹಾಕಿಕೊಂಡು ಓಡಾಡುತ್ತದೆ ಎಂದ. ಅಂಗನವಾಡಿಗೂ ಕೊಡುತ್ತಾರಂತೆ, ಮಕ್ಕಳಿಗೆ ಆನೆ, ಹುಲಿ ಎಲ್ಲ ಕಣ್ಣೆದುರೇ ಬಂದು ನಿಲ್ಲುತ್ತವಂತೆ. ಹಿಂದಿನ ಬೇಲಿ ಮುರಿದುಕೊಂಡು ಬರುವ ಆನೆಯನ್ನು ಅದು ಹಿಂದಕ್ಕೂ ಕಳಿಸುತ್ತದೆಯೇನಪ್ಪಾ ಎಂದು ಕೇಳಿದೆ. ನಗಲು ನೋಡಿದ, ಬರಲಿಲ್ಲ. ಆಮೇಲೆ ವಿಷಯಕ್ಕೆ ಬಂದ. ಅಪ್ಪ ಮರ ಹತ್ತುವಾಗ ಆ ಕನ್ನಡಕ ನೋಡಿದ್ದೆಲ್ಲ ಕಂಪನಿಯಲ್ಲಿ ಉಳಿದಿದೆಯಂತೆ. ಅಷ್ಟು ಚೆನ್ನಾಗಿ ಹತ್ತುವವರು ಇನ್ನೊಬ್ಬರು ಸಿಗಲಿಲ್ಲವಂತೆ. ಹೊಸದಾಗಿ ಬರುವ ಹುಡುಗರಿಗೆ ಅವರಿಂದಲೇ ಕಲಿಸಬೇಕು, ಅದಕ್ಕೆ ನನ್ನದೊಂದು ಒಪ್ಪಿಗೆ ಬೇಕು. ‘ಒಂದ್ಸಲ ಹಾಕ್ಕೊಂಡು ನೋಡಿ ಅಕ್ಕಾ’ ಎಂದು ಮುಂದೆ ಹಿಡಿದ.

ಹಾಕಿಕೊಂಡೆ. ಅಂಗನವಾಡಿಯ ಗೋಡೆ, ಅಕ್ಷರಮಾಲೆಯ ಪಟ, ಮಕ್ಕಳ ಚಾಪೆ ಎಲ್ಲ ಇದ್ದಲ್ಲೇ ಇದ್ದವು. ನಡುವೆ ಒಂದು ಮರ ಎದ್ದು ನಿಂತಿತು. ಅದರ ಮೇಲೆ ಎರಡು ಕೈ. ಮೈ ಇಲ್ಲ, ಮುಖ ಇಲ್ಲ, ಬರೀ ಕೈ, ಮಂಜಿನ ಬಣ್ಣದವು. ಒಂದರ ಹಿಂದೆ ಒಂದು ಮೇಲಕ್ಕೆ ಹತ್ತುತ್ತಿದ್ದವು. ಎಡಗೈಯ ಕಿರುಬೆರಳು ಅರ್ಧ ಇತ್ತು. ಹಿಡಿಯಲು ನಾನು ಕೈ ಚಾಚಿದೆ, ಧನೂ. ಏನೂ ಸಿಗಲಿಲ್ಲ, ಚಾಪೆಯ ಮೇಲೆ ಮುಗ್ಗರಿಸಿದೆ. ಈ ಕೈ ಯಾರದು ಎಂದು ಕಲಿಯುವ ಹುಡುಗರಿಗೆ ಗೊತ್ತೇ ಎಂದು ಕೇಳಿದ್ದಕ್ಕೆ, ‘ಇಲ್ಲ ಅಕ್ಕಾ, ಹೆಸರು ತೆಗೆದಿರ್ತೀವಿ’ ಎಂದ. ಕರಿಕೆಯ ಕಡೆಯ ತೋಟಗಳಲ್ಲಿ ಆಗಲೇ ಶುರುವಾಗಿದೆಯಂತೆ. ಅಸ್ಸಾಮಿನಿಂದ ಬಂದ ಯಾರ ಮಕ್ಕಳೋ ನಿನ್ನ ಅಪ್ಪನ ಕೈಯ ಹಿಂದೆ ಮರ ಹತ್ತುತ್ತಿದ್ದಾರೆ. ಹಾಗಾದರೆ ಒಪ್ಪಿಗೆ ಯಾಕಪ್ಪಾ ಎಂದೆ.

ನನಗೆ ಆಗ ಏನಾಯಿತೋ, ಕೊನೆಯ ದಿನದ್ದು ತೋರಿಸು ಎಂದೆ. ‘ಬೇಡ ಅಕ್ಕಾ, ನಿಮ್ ಕಾಲಿಗ್ ಬೀಳ್ತೀನಿ’ ಎಂದ. ತೋರಿಸದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದು ಬಾಗಿಲಿಗೆ ಅಡ್ಡ ಕೂತೆ. ನಿನ್ನ ಅಮ್ಮನ ಹಟ ನಿನಗೆ ಗೊತ್ತಲ್ಲ. ಕೊನೆಗೆ ತೋರಿಸಿದ.

ಎಲ್ಲದರ ಮೇಲೆ ನಸುಗೆಂಪು ಮುಸುಕಿತ್ತು. ನಿನ್ನ ಬೊಟ್ಟು, ಹೌದು. ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅಪ್ಪನ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸುತ್ತಿತ್ತು, ಮಲಗಿದಾಗ ಕೇಳಿಸುತ್ತಿದ್ದ ಹಾಗೆಯೇ. ಹಗ್ಗ ಬಿಚ್ಚಿದರು. ಮುಂದಿನ ಕೊಂಬೆ ಪೂರ್ತಿ ಕೆಂಪು ಮುಸುಕಿನೊಳಗಿತ್ತು, ನನಗೇನೂ ಕಾಣಲಿಲ್ಲ. ಆದರೂ ಅದರ ಮೇಲೆ ಹಸಿರು ಗೆರೆ ಬಂತು. ಸ್ಪಷ್ಟವಾಗಿ, ದಪ್ಪಗೆ, ಒಂದಿಷ್ಟೂ ಅಲುಗಾಡದೆ ಬಂತು. ಅವರ ಕಾಲು ಅತ್ತ ಹೋಯಿತು. ಅಲ್ಲಿಗೆ ನಾನು ಕಣ್ಣು ಮುಚ್ಚಿದೆ. ಸದ್ದು ಮಾತ್ರ ಕೇಳಿಸಿತು. ಎಲ್ಲ ಮುಗಿದ ಮೇಲೂ ಒಂದು ಹೆಣ್ಣು ದನಿ ಮೆತ್ತಗೆ ‘ಮುಂದಿನ ಕೊಂಬೆ’ ಎನ್ನುತ್ತಲೇ ಇತ್ತು. ನಾನು ಕಿತ್ತು ಎಸೆದೆ.

ಲೋಹಿತ್ ಮೂಲೆಯಲ್ಲಿ ಕೂತು ಅಳುತ್ತಿದ್ದ. ಕಣ್ಣು ಮುಚ್ಚಿತ್ತು ಅಂದೆಯಲ್ಲೋ, ಕಣ್ಣು ಮುಚ್ಚಿದ್ದಕ್ಕೆ ಹಸಿರು ಹೇಗೆ ಕಂಡಿತು ಎಂದು ಕೇಳಿದೆ. ‘ಕಾಣದ ಜಾಗನ ಅದು ಅಂದಾಜಿನ ಮೇಲೆ ತುಂಬಿಸ್ತದೆ ಅಕ್ಕಾ’ ಎಂದ. ಅಂದಾಜು ಅಂತ ಬಾಯಿಬಿಟ್ಟು ಹೇಳುವುದಕ್ಕೇನು ಎಂದೆ. ಮೊದಲು ಹೇಳುತ್ತಿತ್ತಂತೆ. ಎಲೆ ಅಡ್ಡ ಬಂದರೆ, ನೀರಿನ ಹನಿ ಕೂತರೆ ಕಾಣುತ್ತಿಲ್ಲ, ನಿಲ್ಲಿ ಎನ್ನುತ್ತಿತ್ತಂತೆ. ಮಾತುಮಾತಿಗೆ ಹೀಗಂದರೆ ಕೆಲಸ ಸಾಗುವುದಿಲ್ಲವೆಂದು ಆ ಮಾತನ್ನು ತೆಗೆಸಿದರಂತೆ.

ನನ್ನ ಅಂಗನವಾಡಿಯಲ್ಲಿ ಎರಡೂವರೆ ವರ್ಷದ ಮಗುವಿನ ಕಣ್ಣಿಗೆ ಟವೆಲ್ ಕಟ್ಟಿ ಇದೇನು ಎಂದು ಕೇಳಿದರೆ ‘ಕಾಣಲ್ಲ ಟೀಚರ್’ ಎನ್ನುತ್ತದೆ. ನಿನ್ನ ಅಜ್ಜಿಯ ಕಣ್ಣಿಗೆ ಪೊರೆ ಬಂದಾಗ ಸೂಜಿಗೆ ದಾರ ಪೋಣಿಸಲು ನಿನ್ನನ್ನು ಕರೆಯುತ್ತಿದ್ದರು. ಕಾಣದಿದ್ದರೆ ಕಾಣಲಿಲ್ಲ ಎನ್ನುವುದು, ತಾಳು ಎನ್ನುವುದು, ಯಾರಾದರೂ ಬಂದು ಕೈ ಹಿಡಿಯಿರಿ ಎನ್ನುವುದು, ಇಷ್ಟು ಮರ್ಯಾದೆ ಕುರುಡರಿಗೂ ಇರುತ್ತದೆ. ಆ ಕನ್ನಡಕಕ್ಕೆ ಇರಲಿಲ್ಲ. ಇದ್ದದ್ದನ್ನು ಕಿತ್ತರು. ಒಂದು ಮಗು ಪ್ರೀತಿಯಿಂದ ಇಟ್ಟ ಬೊಟ್ಟನ್ನು ತಾಳಲಾರದ ವಸ್ತುವನ್ನು ಒಬ್ಬ ಮನುಷ್ಯನ ಹಣೆಗೆ ಕಟ್ಟಿ ಮರ ಹತ್ತಿಸಿದವರು ಯಾರು ಎಂದು ಲೋಹಿತ್‌ನನ್ನು ಕೇಳಿದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲಿಲ್ಲ. ಹಾಕದಿದ್ದರೂ ಅವರ ಕೆಲಸ ನಿಲ್ಲುವುದಿಲ್ಲ, ನನಗೆ ಗೊತ್ತು. ಆ ಕೈ ಹತ್ತುತ್ತಲೇ ಇರುತ್ತದೆ. ಮುಂದೆ ನಾನು ನೀನು ಎಲ್ಲರೂ ಆ ಕನ್ನಡಕ ಹಾಕಿಕೊಳ್ಳುವ ದಿನವೂ ಬರಬಹುದು. ಬಂದರೆ, ಅದರ ಒಳಗೂ ಕಾಣದ್ದನ್ನು ಕಾಣಲಿಲ್ಲ ಎನ್ನುವ ನಾಲಿಗೆ ನಮಗೆ ಉಳಿದಿರಬೇಕು. ನನಗೆ ಅದರದ್ದೇ ಭಯ.

ಅದಕ್ಕೇ ನಿನಗೆ ಅರ್ಧ ಹೇಳಿ ಅರ್ಧ ನುಂಗಿಕೊಳ್ಳುವುದಿಲ್ಲ. ‘ಬೊಟ್ಟಿನಿಂದ ಏನೂ ಆಗಲಿಲ್ಲ ಮಗಳೇ’ ಎಂದು ಪ್ರಮಾಣ ಮಾಡಿಬಿಡೋಣ, ಹುಡುಗಿ ಹಗುರಾಗಲಿ ಎಂದು ಎರಡು ದಿನ ಯೋಚಿಸಿದೆ. ಆಗಲಿಲ್ಲ. ಬೊಟ್ಟು ಇಲ್ಲದಿದ್ದರೆ ಆ ಗೆರೆ ಕೆಂಪಾಗುತ್ತಿತ್ತೋ ಏನೋ. ಆಗಿದ್ದರೆ ಅವರು ನಿಲ್ಲುತ್ತಿದ್ದರೋ ಏನೋ. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಜಾಗಕ್ಕೆ ನೀನು ನಿನ್ನ ಕೈಯನ್ನು ತುಂಬಿಸಿಕೊಂಡು ಕೂತಿದ್ದೀಯ. ಅಜ್ಜಿಯೂ ಅದನ್ನೇ ಮಾಡಿದರು.

ಇನ್ನೊಂದಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಕನ್ನಡಕ ತೋರಿಸಿದ ಆ ಕೊನೆಯ ದಿನದಲ್ಲಿ, ಅಪ್ಪ ಮರ ಹತ್ತುವ ಮೊದಲು, ಬುಡದಲ್ಲಿ ಮಾರ ನಿಂತಿದ್ದ. ಅಪ್ಪನ ಜೊತೆ ಹಗ್ಗ ಹಿಡಿಯುತ್ತಿದ್ದವನು, ಆಮೇಲೆ ನಮ್ಮ ಮುಖ ನೋಡಲಾರದೆ ಊರನ್ನೇ ಬಿಟ್ಟು ಹೋದನಲ್ಲ, ಅವನು. ಅವನ ದನಿ ಚೆನ್ನಾಗಿ ಕೇಳಿಸಿತು. ‘ಅಣ್ಣಾ, ಕನ್ನಡಕದ್ ಮೇಲೆ ಕುಂಕುಮ ಅಂಗೇ ಅದೆ, ಒರೆಸ್ಕೊ’ ಎಂದ. ಅಪ್ಪ ನಕ್ಕರು. ‘ಇರ್ಲಿ ಬುಡ್ಲಾ ಮಾರ. ನನ್ ಮಗ್ಳು ಇಟ್ಟಿರದು. ಅದು ಇರಗಂಟ ನಂಗೇನೂ ಆಗಾಕಿಲ್ಲ’ ಎಂದರು.

ಅವರಿಗೆ ಗೊತ್ತಿತ್ತು, ಧನೂ. ಗೊತ್ತಿದ್ದೇ ಉಳಿಸಿಕೊಂಡರು. ಅವರು ನಂಬಿದ್ದು ಸುಳ್ಳಾಯಿತು, ಅದನ್ನು ನಾನು ಒರೆಸಲಾರೆ. ಇದನ್ನು ಓದಿ ನಿನಗೆ ಹಗುರಾಗುತ್ತದೋ ಇನ್ನೂ ಭಾರವಾಗುತ್ತದೋ, ಅದೂ ಗೊತ್ತಿಲ್ಲ. ನನಗಂತೂ ಆ ನಗು ಕೇಳಿದ ಮೇಲೆ ಎದೆ ಎರಡಾಗಿದೆ.

ಶನಿವಾರ ಮೊದಲನೇ ಬಸ್ಸಿಗೆ ಮಡಿಕೇರಿಗೆ ಬರುತ್ತೇನೆ. ನನಗೆ ತಲೆಸುತ್ತು, ರಕ್ತ ಕಡಿಮೆ ಇರಬೇಕು, ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಬೇರೆ ಯಾರಿಂದಲೂ ತೆಗೆಸುವುದಿಲ್ಲ. ನಿಮ್ಮ ಮೇಡಂಗೆ ನಾನೇ ಹೇಳುತ್ತೇನೆ, ಅವರು ಪಕ್ಕದಲ್ಲಿ ನಿಂತಿರಲಿ, ನಾನು ತೋಳು ಚಾಚಿ ನಿನ್ನ ಮುಂದೆ ಕೂರುತ್ತೇನೆ. ನಿನ್ನ ಕೈ ನಡುಗಿದರೆ ನಡುಗಲಿ, ಕಾಯುತ್ತೇನೆ. ನರ ಸಿಗದಿದ್ದರೆ ಸಿಗಲಿಲ್ಲ ಎನ್ನು, ಇನ್ನೊಂದು ತೋಳು ಇದೆ. ನೋವಾದರೆ ನಾನು ನೋವಾಯಿತು ಎನ್ನುತ್ತೇನೆ. ಆದರೆ ತೋಳು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ನಿನ್ನ ಕೈಗೆ ದೇವರು ಸುಖ ಕೊಡಲಿ. ಆ ಕೈಯಿಂದಲೇ ಎರಡು ತುತ್ತು ಉಣ್ಣು, ಶನಿವಾರದವರೆಗೆ ಅಷ್ಟು ಸಾಕು.

ನಿನ್ನ ಅಮ್ಮ,
ಮಾಲತಿ